ಬಿಳಿ ಚುಕ್ಕೆ ಇದೆ ಸರಿ, ಎಲ್ಲಿದೆ?

ಅರಸೀಕೆರೆ ಜಂಕ್ಷನ್‌ನಲ್ಲಿ ಬೆಂಗಳೂರು ರೈಲಿಗೆ ಕಾಯುವವರ ನಡುವೆ ನಿಮ್ಹಾನ್ಸ್‌ಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಕಂಕುಳಲ್ಲಿ ದೊಡ್ಡ ಸ್ಕ್ಯಾನ್ ಕವರ್ ಇರುತ್ತದೆ. ವರದಿಯಲ್ಲಿ ‘ವೈಟ್ ಮ್ಯಾಟರ್ ಚೇಂಜಸ್’ ಎಂದಿದ್ದರೆ ಮನೆಯವರ ಜೀವ ಅರ್ಧವಾಗಿರುತ್ತದೆ. ಮೆದುಳಲ್ಲಿ ಬಿಳಿ ಚುಕ್ಕೆ ಬಂತು, ಇನ್ನು ಲಕ್ವವೋ ಗಡ್ಡೆಯೋ ಗ್ಯಾರಂಟಿ ಎಂದು ಯಾರೋ ಹೇಳಿರುತ್ತಾರೆ.

ಹಾಗೇನಿಲ್ಲ. ಮೆದುಳಿನ ಬಿಳಿ ಭಾಗವೆಂದರೆ ನರತಂತುಗಳ ಕಟ್ಟು. ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇರುವ ಹಾಗೆ ಅವಕ್ಕೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ. ಅದು ಕೆಟ್ಟ ಕಡೆ ನೀರಿನಂಶ ಹೆಚ್ಚಿ, ಎಂಆರ್‌ಐನ ‘ಫ್ಲೇರ್’ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಯಾವ ಕಾರಣಕ್ಕೆ ಕೆಟ್ಟರೂ ಬಣ್ಣ ಬಿಳಿಯೇ. ಹಾಗಾಗಿ ಪರಿಣತರು ನೋಡುವುದು ಚುಕ್ಕೆಯ ಜಾಗ, ಆಕಾರ ಮತ್ತು ರೋಗಿಯ ವಯಸ್ಸು.

ಅರವತ್ತು ದಾಟಿದವರಲ್ಲಿ, ಬಿಪಿ, ಶುಗರ್, ಬೀಡಿ ಚಟ ಇದ್ದರಂತೂ, ಸಣ್ಣ ರಕ್ತನಾಳ ಸವೆದು ಚುಕ್ಕೆ ಮೂಡುವುದು ತೀರಾ ಸಾಮಾನ್ಯ. 1987ರಲ್ಲಿ ಬಂದ ಫಾಜೆಕಾಸ್ ಅಳತೆಯಲ್ಲಿ ಇದಕ್ಕೆ 0ಯಿಂದ 3ರವರೆಗೆ ಅಂಕ. ಎಪ್ಪತ್ತರ ಅಜ್ಜನಿಗೆ 1 ಬಂದರೆ ನಿದ್ದೆಗೆಡಬೇಕಿಲ್ಲ. ನಲವತ್ತರ ಮಗನಿಗೆ 3 ಬಂದರೆ ಕಾರಣ ಹುಡುಕಲೇಬೇಕು. ‘ವಯಸ್ಸಾಯ್ತು, ಮಾಡೋದೇನಿದೆ’ ಎನ್ನುವುದೂ ತಪ್ಪು. 2019ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ, ಮೇಲಿನ ಬಿಪಿಯನ್ನು 140ರ ಬದಲು 120ರೊಳಗೆ ತರಲು ಚಿಕಿತ್ಸೆ ಪಡೆದವರಲ್ಲಿ ಈ ಕಲೆಗಳು ಕಡಿಮೆ ಬೆಳೆದವು. (120 ಎಲ್ಲರಿಗೂ ಒಗ್ಗದು, ಡಾಕ್ಟರನ್ನೇ ಕೇಳಿ.)

‘ಮಲ್ಟಿಪಲ್ ಸ್ಕ್ಲೆರೋಸಿಸ್ ಚಳಿ ದೇಶದ್ದು, ನಮಗೆಲ್ಲಿ ಬರುತ್ತೆ?’ ಮೈಲಿನ್ ಕೆಡಿಸುವ ಈ ಕಾಯಿಲೆಯ ಬಗ್ಗೆ ಇದು ಓದಿದವರ ಭ್ರಮೆ. ಅಲ್ಲಿ ಹೆಚ್ಚು, ನಿಜ. ಆದರೆ ಘಟ್ಟದ ಕೆಳಗೆ ಮಂಗಳೂರಿನಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮೈಲಿನ್ ಕಾಯಿಲೆಗಳಿಗೆಂದೇ ನೋಂದಣಿ ಇಟ್ಟು ಅಧ್ಯಯನ ನಡೆಸಿದ್ದಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಚುಕ್ಕೆಗಳು ಮೊಟ್ಟೆಯಾಕಾರ. ಮೆದುಳಿನೊಳಗಿನ ನೀರಿನ ಕೋಣೆಗಳ ಅಂಚಿಗೆ ಲಂಬವಾಗಿ ನಿಂತಿರುತ್ತವೆ, ಬೆನ್ನುಹುರಿಯಲ್ಲೂ ಸಿಗುತ್ತವೆ. ಇದರ ವೇಷದಲ್ಲೇ ಬರುವ ಇನ್ನೊಂದು, ನ್ಯೂರೋಮೈಲೈಟಿಸ್ ಆಪ್ಟಿಕಾ. ಅದು ಹಿಡಿಯುವುದು ಮುಖ್ಯವಾಗಿ ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು. ಹುರಿಯಲ್ಲಿ ಮೂರು ಅಥವಾ ಹೆಚ್ಚು ಕಶೇರುಗಳಷ್ಟು ಉದ್ದದ ಕಲೆ, ಮೆದುಳು ಮಾತ್ರ ಎಷ್ಟೋ ಸಲ ಸ್ವಚ್ಛ. ಅಕ್ವಾಪೊರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಹಲವರಲ್ಲಿ ಇದನ್ನು ಹಿಡಿದುಕೊಡುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ಅಪಾಯ: ಮೊದಲನೆಯದಕ್ಕೆ ಕೊಡುವ ಇಂಟರ್‌ಫೆರಾನ್ ಎರಡನೆಯದನ್ನು ಉಲ್ಬಣಿಸಬಲ್ಲದು.

ಬಿ12 ಕೊರತೆಯೂ ಬೆನ್ನುಹುರಿಯ ಹಿಂಭಾಗವನ್ನು ಬೆಳ್ಳಗಾಗಿಸುತ್ತದೆ. ಬೇಗ ಗೊತ್ತಾದರೆ ಇಂಜೆಕ್ಷನ್ನಿಗೆ ಬಗ್ಗುವ ಕಾಯಿಲೆ.

ಸಿಟಿ ಸ್ಕ್ಯಾನ್ ನಾರ್ಮಲ್ ಎಂದ ಮಾತ್ರಕ್ಕೆ ಇವೆಲ್ಲ ಇಲ್ಲವೆಂದಾಗದು, ಸಣ್ಣ ಕಲೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ವರದಿಯ ಹಾಳೆಯೊಂದನ್ನೇ ಮಡಚಿ ಜೇಬಿಗಿಟ್ಟು ಹೊರಡುವುದೂ ಬೇಡ. ಸಿಡಿ, ಫಿಲ್ಮ್, ಎರಡು ವರ್ಷ ಹಿಂದಿನದಿದ್ದರೆ ಅದನ್ನೂ ಒಯ್ಯಿರಿ. ಯಾವ ಚುಕ್ಕೆ ಹಳೆಯದು, ಯಾವುದು ಹೊಸತು ಎಂದು ತಜ್ಞರು ಪಕ್ಕಪಕ್ಕ ಇಟ್ಟು ನೋಡುವುದು ಅವನ್ನೇ.