ಹಳೆಯ ಜೀಪಿಗೆ ಹೊಸ ಉಸಿರು

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ಸೀಮೆ ಬೆಳಗಾವಿ ಜಿಲ್ಲೆಯ ಉತ್ತರಭಾಗ. ಚಿಕ್ಕೋಡಿ, ರಾಯಬಾಗ, ಅಥಣಿ ಎಂಬ ಹಳೆಯ ತಾಲ್ಲೂಕುಗಳೂ, ಅವುಗಳ ಮಡಿಲಿನಿಂದ ಈಚೆಗೆ ಬೇರೆಯಾದ ನಿಪ್ಪಾಣಿ, ಕಾಗವಾಡಗಳೂ ಸೇರಿದ ಈ ನಾಡಿನಲ್ಲಿ ರಸ್ತೆಗಳು ಎಷ್ಟು ಸುಧಾರಿಸಿದರೂ ಹಳೆಯ ಜೀಪುಗಾಡಿಯ ಮಮತೆ ಅಳಿದಿಲ್ಲ. ತಂದೆ ಕೊಂಡ ಗಾಡಿಯನ್ನು ಮಾರಲು ಮಗನ ಮನಸ್ಸು ಒಪ್ಪದು. ಕಬ್ಬಿನ ಹೊಲದ ಬದುವಿನ ಮೇಲೆ ಹತ್ತುವ, ಮಳೆಗಾಲದ ಎರೆಮಣ್ಣನ್ನು ದಾಟುವ, ಮದುವೆಯ ದಿಬ್ಬಣಕ್ಕೂ ಒದಗುವ ಗಾಡಿ ಅದು.

ಆದರೆ ಅದಕ್ಕೆ ಮುಪ್ಪು ಬಂದಿದೆ. ನಿಪ್ಪಾಣಿಯ ಸಮೀಪ, ಸ್ತವನಿಧಿಯ ಬಳಿಯ ತವಂದಿ ಘಟ್ಟವನ್ನು ಏರುವಾಗ ಹೊಸ ಕಾರುಗಳೆಲ್ಲ ಅದನ್ನು ಹಿಂದೆ ಹಾಕಿ ಸಾಗುತ್ತವೆ. ಅದು ಮಾತ್ರ ಕರಿಹೊಗೆ ಉಗುಳುತ್ತ, ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ತೆವಳುತ್ತದೆ. ಆಗ ಮನೆಯ ತರುಣರ ತಲೆಯಲ್ಲಿ ಒಂದು ಆಲೋಚನೆ ಮೊಳೆಯುವುದು ಸಹಜ: “ಇದಕ್ಕೊಂದು ಟರ್ಬೊ ಕೂಡಿಸಿದರೆ ಹೇಗೆ?”

ಆಲೋಚನೆ ಹುಚ್ಚಿನದಲ್ಲ, ಹಾಗೆಂದು ಸುಲಭವಾದದ್ದೂ ಅಲ್ಲ. ಹಣ ಹಾಗೂ ಪ್ರಾಣ ಎರಡೂ ಅದರಲ್ಲಿ ಸಿಲುಕಿರುವುದರಿಂದ, ಮಿಸ್ತ್ರಿಯ ಕೈಗೆ ಗಾಡಿ ಒಪ್ಪಿಸುವ ಮೊದಲು ಅದರ ಮರ್ಮವನ್ನು ತಿಳಿಯುವುದು ಒಳಿತು.

ಉಸಿರಾಟದ ಲೆಕ್ಕ

ಡೀಸೆಲ್ ಎಂಜಿನು ಎಣ್ಣೆಯಿಂದ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಆ ಎಣ್ಣೆಯನ್ನು ಉರಿಸಲು ಅದಕ್ಕೆ ಎಷ್ಟು ಗಾಳಿ ಬೇಕೆಂಬುದನ್ನು ಗಮನಿಸುವವರು ವಿರಳ. ಮಹೀಂದ್ರ ಜೀಪುಗಳಿಗೆ 1980ರ ದಶಕದಲ್ಲಿ ಅಳವಡಿಸುತ್ತಿದ್ದ ಫ್ರಾನ್ಸಿನ ಪೂಜೋ ಮಾದರಿಯ ಎಂಜಿನಿನ ಗಾತ್ರ 2112 ಘನ ಸೆಂಟಿಮೀಟರು. ಎರಡು ಸುತ್ತಿಗೆ ಒಮ್ಮೆ ಅದು ಪೂರ್ತಿ ಉಸಿರೆಳೆಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ಹೊಟ್ಟೆಗೆ ಹೋಗಬೇಕಾದ ಗಾಳಿ ಕಾಗದದ ಲೆಕ್ಕದಲ್ಲಿ 3168 ಲೀಟರು! ಇದಕ್ಕಿಂತ ಹೆಚ್ಚು ಗಾಳಿ ತಾನಾಗಿ ಒಳಬಾರದು. ಗಾಳಿ ಸಾಲದಿದ್ದಾಗ ಎಣ್ಣೆಯನ್ನು ಮಾತ್ರ ಹೆಚ್ಚಿಸಿದರೆ ಅದು ಅರೆಬೆಂದು ಕರಿಹೊಗೆಯಾಗುತ್ತದೆ. ಘಟ್ಟದಲ್ಲಿ ಕಾಣುವ ಹೊಗೆಯ ರಹಸ್ಯ ಬಹುಮಟ್ಟಿಗೆ ಇಷ್ಟೆ.

ಗಾಳಿಯನ್ನು ಒತ್ತಿ ತುಂಬುವ ಯಂತ್ರವೇ ಟರ್ಬೊ. ಎಣ್ಣೆ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬಿಸಿ ಹೊಗೆಯೊಡನೆ ಕೊಳವೆಯಿಂದ ಹೊರಗೆ ಹೋಗಿ ವ್ಯರ್ಥವಾಗುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟರೆ ಅದು ಗಿರ್ರನೆ ತಿರುಗುತ್ತದೆ. ಅದೇ ದಂಡಿನ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನಿಗೆ ಊಡುತ್ತದೆ. ಅದರ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುವುದುಂಟು. ದಂಡು ತಿರುಗುವುದು ಎಣ್ಣೆಯ ತೆಳುಪೊರೆಯೊಂದರ ಮೇಲೆ ತೇಲುತ್ತ.

ಬೆಟ್ಟದ ಮೇಲಿನ ಪರೀಕ್ಷೆ

ಈ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಹಕ್ಕುಪತ್ರ ಪಡೆದನು. ಆದರೆ ಬೆಂಕಿಯಂಥ ಹೊಗೆಯನ್ನು ತಾಳಬಲ್ಲ ಲೋಹ ಆಗ ದುರ್ಲಭವಾಗಿತ್ತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ವಿಮಾನದ ಲಿಬರ್ಟಿ ಎಂಜಿನೊಂದನ್ನು ಪೈಕ್ಸ್ ಪೀಕ್ ಎಂಬ, 14,000 ಅಡಿ ಮೀರಿದ ಶಿಖರಕ್ಕೆ ಸಾಗಿಸಿ ಪರೀಕ್ಷಿಸಿದನು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನು ಶಿಖರದ ತೆಳುಗಾಳಿಯಲ್ಲಿ 230ಕ್ಕೆ ಕುಸಿದಿತ್ತು. ಟರ್ಬೊ ಕೂಡಿಸಿದೊಡನೆ 356ಕ್ಕೆ ಏರಿತು. 1920ರ ದಶಕದಲ್ಲಿ ಬ್ಯೂಕಿಯ ಸಾಧನದಿಂದ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನುಗಳು 1750 ಅಶ್ವಶಕ್ತಿಯಿಂದ 2500ಕ್ಕೆ ಏರಿದವು. ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ.

ಅಂತೂ ವಿದ್ಯೆ ಹಳೆಯದು, ಪರೀಕ್ಷೆಗೆ ನಿಂತದ್ದು. ಪ್ರಶ್ನೆ ಇರುವುದು ಟರ್ಬೊವಿನ ಯೋಗ್ಯತೆಯಲ್ಲಲ್ಲ. ಅದನ್ನು ಹೊರಬೇಕಾದ ಹಳೆಯ ಮೈಯ ಯೋಗ್ಯತೆಯಲ್ಲಿ.

ಒಂದೇ ಗಾತ್ರ, ಎರಡು ಬಲ

ಇದಕ್ಕೆ ಒಳ್ಳೆಯ ನಿದರ್ಶನ ಮಹೀಂದ್ರ ಸಂಸ್ಥೆಯ ಗಾಡಿಗಳಲ್ಲಿಯೇ ದೊರೆಯುತ್ತದೆ. ವಿಲ್ಲಿಸ್ ಜೀಪುಗಳ ಜೋಡಣೆಯನ್ನು 1947ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಈ ಸಂಸ್ಥೆ 2010ರಲ್ಲಿ ‘ಥಾರ್’ ಎಂಬ ಗಾಡಿಯನ್ನು ಎರಡು ಬಗೆಯ ಎಂಜಿನುಗಳೊಡನೆ ಹೊರತಂದಿತು. ಒಂದರ ಗಾತ್ರ 2523 ಘನ ಸೆಂಟಿಮೀಟರು, ಇನ್ನೊಂದರದು 2498. ಎರಡಕ್ಕೂ ಟರ್ಬೊ ಉಂಟು. ಮೊದಲನೆಯದು ಕೊಟ್ಟದ್ದು 63 ಅಶ್ವಶಕ್ತಿ, ಎರಡನೆಯದು 105!

ಮೊದಲನೆಯದು ಹಳೆಯ ಜೀಪುಗಳ ವಂಶದ ಎಂಜಿನು. ತಯಾರಿಸಿದವರೇ ಟರ್ಬೊ ಕೂಡಿಸಿದಾಗಲೂ ಅದರಿಂದ ಮಿತಿಮೀರಿ ದುಡಿಸಿಕೊಳ್ಳಲಿಲ್ಲ. ಕಡಿಮೆ ವೇಗದಲ್ಲಿ ಎಳೆಯುವ ಬಲವಿದ್ದರೆ ಸಾಕೆಂದು ತಡೆದರು. ಎರಡನೆಯದರ ಮೈಕಟ್ಟೂ ಎಣ್ಣೆ ಚಿಮ್ಮಿಸುವ ಕ್ರಮವೂ ಬೇರೆ. ಟರ್ಬೊ ಒಂದೇ ಬಲವನ್ನು ತರಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಟರ್ಬೊ ಇಲ್ಲದ 2523ರ ಜೀಪು ಉಳ್ಳವನಿಗೆ ಇದರಿಂದ ಒಂದು ಅನುಕೂಲವುಂಟು. ಅದೇ ವಂಶದ ಟರ್ಬೊ ಎಂಜಿನು ಕಾರ್ಖಾನೆಯಿಂದಲೇ ಬಂದಿರುವುದರಿಂದ, ಯಾವ ಭಾಗಗಳು ಬದಲಾಗಿವೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಪೂಜೋ ಎಂಜಿನಿನ ಮಾತು ಕಠಿಣ. ಅದು ಗಾಳಿಯನ್ನು ಮೊದಲೇ 22 ಪಟ್ಟಿನ ಆಸುಪಾಸಿಗೆ ಅದುಮುವಂಥದು. ಅದರ ಮೇಲೆ ಮತ್ತಷ್ಟು ಗಾಳಿ ತುರುಕಿದರೆ ತಲೆಯ ಗ್ಯಾಸ್ಕೆಟ್ಟು, ಪಿಸ್ಟನ್ನುಗಳ ಮೇಲೆ ಭಾರ ಬೀಳುತ್ತದೆ.

ಶಾಖವೆಂಬ ಶತ್ರು

ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬಿಸಿ ಪರಿಚಿತ. 30 ಡಿಗ್ರಿಯ ಗಾಳಿಯನ್ನು ಟರ್ಬೊ ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 80 ಡಿಗ್ರಿಯಾಗಿ ಹೊರಬರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಅರ್ಧ ಪಾಲು ಹೆಚ್ಚು ಗಾಳಿ ಸಿಕ್ಕೀತೆಂಬ ಆಸೆ ಕಾಲು ಪಾಲಿಗೆ ಸಮೀಪವಾಗಿ ನಿಲ್ಲುತ್ತದೆ. ಅದನ್ನು ‘ಇಂಟರ್‌ಕೂಲರ್’ ಎಂಬ ಜಾಲರಿಯಲ್ಲಿ ಹಾಯಿಸಿ 50 ಡಿಗ್ರಿಗೆ ಇಳಿಸಿದರೆ ಲಾಭ ನೂರಕ್ಕೆ 40ರಷ್ಟಾಗುತ್ತದೆ. ಬೇಸಗೆಯಲ್ಲಿ ಬಾಣಲೆಯಂತೆ ಕಾಯುವ ಅಥಣಿಯ ಬಯಲಿನಲ್ಲಿ ಈ ಜಾಲರಿ ಬರಿಯ ಅಲಂಕಾರವಲ್ಲ.

ಎಂಜಿನಿನ ಒಳಗಿನ ಶಾಖ ಇನ್ನೂ ಭಯಂಕರ. ಅಲ್ಯುಮಿನಿಯಂ 660 ಡಿಗ್ರಿಯಲ್ಲಿ ಕರಗುವ ಲೋಹ. ಪಿಸ್ಟನ್ನುಗಳು ಆದದ್ದು ಅದರ ಮಿಶ್ರಲೋಹದಿಂದ. ಪಂಪಿನ ತಿರುಪು ತಿರುಗಿಸಿ ಎಣ್ಣೆಯನ್ನು ಮನಬಂದಂತೆ ಹೆಚ್ಚಿಸಿದರೆ ಉದ್ದನೆಯ ಏರಿನಲ್ಲಿ ಪಿಸ್ಟನ್ನು ಸುಟ್ಟು ತೂತಾಗಬಹುದು. ಆದುದರಿಂದ ಬಲ್ಲ ಮಿಸ್ತ್ರಿ ಮೊದಲು ಎರಡು ಮಾಪಕಗಳನ್ನು ಕೂಡಿಸುತ್ತಾನೆ: ಒಂದು ಗಾಳಿಯ ಒತ್ತಡಕ್ಕೆ, ಇನ್ನೊಂದು ಹೊಗೆಯ ಶಾಖಕ್ಕೆ. ಇವೆರಡೂ ಬೇಡವೆನ್ನುವವನ ಕೈಗೆ ಗಾಡಿ ಕೊಡದಿರುವುದೇ ಕ್ಷೇಮ.

ಇನ್ನೊಂದು ಅಪಾಯವನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಟರ್ಬೊವಿನ ಎಣ್ಣೆತಡೆ ಸವೆದು ಹೋದರೆ ಎಂಜಿನಿನ ಎಣ್ಣೆಯೇ ಗಾಳಿಯ ದಾರಿಯಿಂದ ಒಳನುಗ್ಗಿ ಉರಿಯತೊಡಗುತ್ತದೆ. ಆಗ ಬೀಗದ ಕೈ ತಿರುಗಿಸಿದರೂ ಎಂಜಿನು ನಿಲ್ಲದು. ವೇಗ ಏರುತ್ತಲೇ ಹೋಗುತ್ತದೆ. ಮೇಲಿನ ಗೇರು ಹಾಕಿ, ಬ್ರೇಕು ಬಲವಾಗಿ ಅದುಮಿ, ಕ್ಲಚ್ಚು ಬಿಟ್ಟು ಅದನ್ನು ಉಸಿರುಗಟ್ಟಿಸಿ ನಿಲ್ಲಿಸಬೇಕು. ಈ ಸ್ಥಿತಿ ಬಾರದಿರಲು ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದೂ, ದೂರದ ಓಟದ ಬಳಿಕ ಒಂದೆರಡು ನಿಮಿಷ ಎಂಜಿನನ್ನು ಮೆಲ್ಲಗೆ ಓಡಲು ಬಿಟ್ಟು ಆಮೇಲೆ ನಿಲ್ಲಿಸುವುದೂ ಅಗತ್ಯ.

ಘಟ್ಟವೋ, ಕೆಸರೋ?

ಗಾಡಿ ಯಾವ ನೆಲದಲ್ಲಿ ದುಡಿಯುತ್ತದೆ ಎಂಬುದೇ ನಿಜವಾದ ಪ್ರಶ್ನೆ. ನಿಪ್ಪಾಣಿಯವರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಿನವೂ ತವಂದಿ ಘಟ್ಟ ಹತ್ತುವವರಾದರೆ, ಕೊಂಕಣದ ಘಟ್ಟಗಳಿಗೆ ಆಗಾಗ ಹೋಗುವವರಾದರೆ, ಟರ್ಬೊವಿನ ಪ್ರಯೋಜನ ಕಣ್ಣಿಗೆ ಕಾಣುತ್ತದೆ. ಎಂಜಿನು ಒಂದೇ ಸಮನೆ ದುಡಿಯುವಾಗ ಹೊಗೆಯ ರಭಸವಿರುತ್ತದೆ. ಟರ್ಬೊ ತನ್ನ ಕೆಲಸ ಮಾಡುತ್ತದೆ.

ಚಿಕ್ಕೋಡಿ, ರಾಯಬಾಗಗಳ ಎರೆಯ ಹೊಲದ ದಾರಿಯ ಮಾತೇ ಬೇರೆ. ಅಲ್ಲಿ ಗಾಡಿ ಸಾಗುವುದು ಆಮೆಯ ನಡೆಯಲ್ಲಿ. ಎಂಜಿನಿನ ವೇಗ ಕಡಿಮೆಯಿದ್ದಾಗ ಹೊಗೆಯ ರಭಸವೂ ಕಡಿಮೆ. ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ. ಅದು ಎಚ್ಚೆತ್ತು ಒಮ್ಮೆಲೇ ಬಲ ಸುರಿದರೆ ಚಕ್ರಗಳು ಕೆಸರಿನಲ್ಲಿ ಗರಗರ ತಿರುಗಿ ಇನ್ನಷ್ಟು ಹೂಳುತ್ತವೆ. ಅಲ್ಲಿ ಬೇಕಾದದ್ದು ಒಳ್ಳೆಯ ಹಲ್ಲಿನ ಟಯರು, ಸುಸ್ಥಿತಿಯ ನಾಲ್ಕು ಚಕ್ರಗಳ ಎಳೆತ, ಕೆಳಗೇರು ಮತ್ತು ತಾಳ್ಮೆ.

ಕಾಗವಾಡ, ಅಥಣಿಗಳ ನದೀತೀರದವರಿಗೆ ನೀರಿನ ಭಯ. 2019ರ ಆಗಸ್ಟಿನ ಮಹಾಪೂರವನ್ನು ಈ ಸೀಮೆ ಮರೆತಿಲ್ಲ. ಆಗ ನಿಪ್ಪಾಣಿಯ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ತಡೆದಿತ್ತು. ಕಾದು ನಿಗಿನಿಗಿಸುವ ಟರ್ಬೊವಿನ ಬೀಡುಕಬ್ಬಿಣ ತಟ್ಟನೆ ತಣ್ಣೀರಿನಲ್ಲಿ ಮುಳುಗಿದರೆ ಬಿರುಕು ಬಿಡಬಹುದು. ಹೊಸದಾಗಿ ಜೋಡಿಸಿದ ಗಾಳಿಕೊಳವೆಯ ಸಂದು ಸಡಿಲವಿದ್ದರೆ ನೀರು ಎಂಜಿನಿಗೆ ನುಗ್ಗುತ್ತದೆ. ನೀರು ಅದುಮಲು ಬಾರದ ವಸ್ತುವಾದುದರಿಂದ ಒಳಗಿನ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ.

ಬಲ ಹೆಚ್ಚಿದಾಗ ಅದನ್ನು ತಡೆಯುವ ಬಲವೂ ಹೆಚ್ಚಬೇಕು. ಅನೇಕ ಹಳೆಯ ಜೀಪುಗಳಿಗೆ ನಾಲ್ಕು ಚಕ್ರಗಳಿಗೂ ಡ್ರಂ ಬ್ರೇಕುಗಳೇ. ಏರಿನಲ್ಲಿ ಓಡಿದ ಗಾಡಿ ಇಳಿಜಾರಿನಲ್ಲಿ ನಿಲ್ಲದೆ ಹೋದರೆ ಗಳಿಸಿದ್ದೇನು? ಕ್ಲಚ್ಚು, ಗೇರುಪೆಟ್ಟಿಗೆ, ಅಚ್ಚು, ರೇಡಿಯೇಟರು ಎಲ್ಲವೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ. ಒಂದು ಎತ್ತು ಮಾತ್ರ ಮದವೇರಿ ಎಳೆದರೆ ಬಂಡಿ ಹಳ್ಳಕ್ಕೆ ಬೀಳುತ್ತದೆಂಬುದನ್ನು ಎತ್ತಿನಗಾಡಿಯ ಶರ್ಯತ್ತು ನೋಡಿ ಬೆಳೆದ ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಕಾಯಿದೆಯ ಕಣ್ಣು

ಕೊನೆಯದಾಗಿ ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿಪತ್ರ ವ್ಯತ್ಯಾಸವಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಅಶ್ವಶಕ್ತಿಯೂ ಅಂಥ ವಿವರಗಳಲ್ಲೊಂದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಟು ಒಂದೊಂದಕ್ಕೂ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವ ಸಂಭವವೂ ಉಂಟು. ಆದುದರಿಂದ ‘ಕೆ.ಎ. 23’ರ ಫಲಕ ಹೊತ್ತ ಗಾಡಿಯ ಮಾಲೀಕನು ಮಿಸ್ತ್ರಿಯ ಬಳಿಗೆ ಹೋಗುವ ಮೊದಲು ಚಿಕ್ಕೋಡಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ದೊರೆಯುವುದಾದರೆ ಅದನ್ನು ಬರವಣಿಗೆಯಲ್ಲಿ ಪಡೆಯಬೇಕು. ದೊರೆಯದಿದ್ದರೆ ಆಸೆಯನ್ನು ಅಲ್ಲಿಗೇ ಕೈಬಿಡುವುದು ಲೇಸು.

ಹಾಗಾದರೆ ಮುದಿ ಜೀಪಿನ ಗತಿಯೇನು? ನಿರಾಶೆಗೆ ಕಾರಣವಿಲ್ಲ. ಧೂಳು ಕಟ್ಟಿದ ಗಾಳಿಜಾಲರಿ, ಸವೆದ ನಾಜಲುಗಳು, ಹೊತ್ತು ತಪ್ಪಿದ ಪಂಪು, ಜಾರುವ ಕ್ಲಚ್ಚು, ಮಣ್ಣು ತುಂಬಿದ ರೇಡಿಯೇಟರು — ಇವು ಹಳೆಯ ಗಾಡಿಯ ಬಲವನ್ನು ಸದ್ದಿಲ್ಲದೆ ಕದಿಯುವ ಕಳ್ಳರು. ಇವನ್ನು ಮೊದಲು ಸರಿಪಡಿಸಿ, ಸಿಲಿಂಡರುಗಳ ಒತ್ತಡವನ್ನು ಅಳೆದು ನೋಡಿದರೆ, ಕಳೆದುಹೋಯಿತೆಂದುಕೊಂಡ ಬಲದ ಬಹುಪಾಲು ಮರಳಿ ಬರುವುದುಂಟು. ಅದಕ್ಕೆ ಯಾರ ಅನುಮತಿಯೂ ಬೇಡ. ಇಷ್ಟಾದ ಮೇಲೂ ಘಟ್ಟದ ಏರು ಕಾಡಿದರೆ, ಕಾಯಿದೆ ಒಪ್ಪಿದರೆ, ಗಾಡಿಯ ಮೈ ಗಟ್ಟಿಯಿದ್ದರೆ, ಆಗ ಟರ್ಬೊವಿನ ಮಾತು. ಶಕ್ತಿಗಿಂತ ಯುಕ್ತಿ ಮೇಲೆಂದು ಹಿರಿಯರು ಹೇಳಿದ್ದು ಜೀಪುಗಾಡಿಗೂ ಸಲ್ಲುತ್ತದೆ.