‘ವಾಯ್ಸ್ ಆಫ್ ಮುಕೇಶ್’: ಎರವಲು ಕಂಠದ ಸಂಜೆಗಳು



ನೀವು ಅಹಮದಾಬಾದಿನಲ್ಲಿರಿ, ವಡೋದರಾದಲ್ಲಿರಿ, ಸೂರತ್‌ನಲ್ಲಿರಿ, ಇಂಥದ್ದೊಂದು ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ‘ವಾಯ್ಸ್ ಆಫ್ ಮುಕೇಶ್’, ‘ರಫಿ ನೈಟ್’, ‘ಕಿಶೋರ್ ಕೀ ಯಾದೇಂ’... ಮೇಲೆ ದೊಡ್ಡದಾಗಿ ತೀರಿಹೋದ ಗಾಯಕನ ಫೋಟೊ, ಕೆಳಗೆ ಚಿಕ್ಕದಾಗಿ ಇವತ್ತು ಹಾಡುವವನ ಫೋಟೊ. “ಒರಿಜಿನಲ್ಲೇ ನಮ್ಮ ಮೊಬೈಲ್‌ನಲ್ಲಿ ಇರುವಾಗ ಕಾಪಿ ಕೇಳೋಕೆ ಯಾಕ್ರೀ ಟಿಕೆಟ್ ತಗೋಬೇಕು?” ಅಂತ ನೀವು ಪುಟ ತಿರುಗಿಸಿರಲೂಬಹುದು. ಪ್ರಶ್ನೆ ನ್ಯಾಯವಾದದ್ದೇ. ಈ ಸಲ ಅದಕ್ಕೇ ಉತ್ತರ ಹುಡುಕೋಣ, ಬನ್ನಿ.

ಟ್ರಿಬ್ಯೂಟ್ ಅಂದರೆ ಏನು?

ಒಬ್ಬ ಗಾಯಕನ ಅಥವಾ ಒಂದು ಬ್ಯಾಂಡಿನ ಹಾಡುಗಳನ್ನಷ್ಟೇ, ಆದಷ್ಟೂ ಅವರ ಧಾಟಿಯಲ್ಲೇ ನುಡಿಸುವ ತಂಡಕ್ಕೆ ಟ್ರಿಬ್ಯೂಟ್ ಬ್ಯಾಂಡ್ ಅನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದೊಂದು ದೊಡ್ಡ ಉದ್ಯಮ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1988ರಲ್ಲಿ ಶುರುವಾದ ‘ಬ್ಯೋರ್ನ್ ಎಗೇನ್’ ತಂಡ ‘ಅಬ್ಬಾ’ ಹಾಡುಗಳನ್ನೇ ಹಾಡಿಕೊಂಡು ಊರೂರು ಸುತ್ತಿತು. ನಮ್ಮಲ್ಲಿ ಇದೇ ಕೆಲಸವನ್ನು ‘ಆರ್ಕೆಸ್ಟ್ರಾ’ ಎಂಬ ಹೆಸರಿನಲ್ಲಿ ದಶಕಗಳಿಂದ ಮಾಡುತ್ತಾ ಬಂದಿದ್ದಾರೆ. ಗಣೇಶೋತ್ಸವದಲ್ಲಿ, ರಾಜ್ಯೋತ್ಸವದಲ್ಲಿ ಅಣ್ಣಾವ್ರ ಹಾಡು ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ.

ಗುಜರಾತಿನಲ್ಲಿ ಈ ಪರಂಪರೆಗೆ ಒಂದು ದೊಡ್ಡ ಹೆಸರು ಕಮಲೇಶ್ ಅವಸ್ಥಿ. ಸೌರಾಷ್ಟ್ರದ ಸಾವರಕುಂಡ್ಲಾದವರು. ಮುಕೇಶ್ ಹಾಡುಗಳ ‘ಟ್ರಿಬ್ಯೂಟ್ ಟು ಮುಕೇಶ್’ ಆಲ್ಬಂನಿಂದ ಮನೆಮಾತಾದರು. ಆಮೇಲೆ ಸಿನಿಮಾದ ಬಾಗಿಲೂ ತೆರೆಯಿತು. ‘ಪ್ಯಾಸಾ ಸಾವನ್’ (1981) ಚಿತ್ರದಲ್ಲಿ ಲತಾ ಮಂಗೇಶ್ಕರ್ ಜೊತೆ ಯುಗಳಗೀತೆ ಹಾಡಿದರು, ರಾಜ್ ಕಪೂರ್ ನಟಿಸಿದ ‘ಗೋಪಿಚಂದ್ ಜಾಸೂಸ್’ (1982) ಚಿತ್ರದಲ್ಲೂ ಹಾಡಿದರು. ಆದರೂ ಜನ ಅವರನ್ನು ಕೊನೆಯವರೆಗೆ ಕರೆದದ್ದು ‘ವಾಯ್ಸ್ ಆಫ್ ಮುಕೇಶ್’ ಎಂದೇ. 2024ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ಸುದ್ದಿಯ ಜೊತೆಗೂ ಅದೇ ಬಿರುದು ಬಂತು. ಇಂಥ ಗಾಯಕನಿಗೆ ಅನ್ನ ಕೊಡುವುದು ಆ ಬಿರುದು. ಅವನ ಸ್ವಂತ ಹೆಸರನ್ನು ಎರಡನೇ ಸಾಲಿಗೆ ತಳ್ಳುವುದೂ ಅದೇ. ಈ ವೃತ್ತಿಯ ಸುಖ, ಸಂಕಟ ಎರಡೂ ಇಲ್ಲಿವೆ.

ಕಾಪಿಯೋ, ಘರಾಣೆಯೋ?

ಒಂದು ತಮಾಷೆ ನೋಡಿ. ಸ್ವತಃ ಮುಕೇಶ್ ಶುರುಮಾಡಿದ್ದೇ ಇನ್ನೊಬ್ಬರ ಕಂಠದ ನೆರಳಿನಲ್ಲಿ. 1945ರ ‘ಪೆಹಲಿ ನಜರ್’ ಚಿತ್ರಕ್ಕೆ ಹಾಡಿದಾಗ ಅವರ ದನಿ ಥೇಟ್ ಕೆ.ಎಲ್. ಸೈಗಲ್. ಸ್ವಂತ ದನಿ ಗಟ್ಟಿಯಾದದ್ದು ಆಮೇಲೆ. 1976ರ ಆಗಸ್ಟ್ 27ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಲತಾ ಜೊತೆಗಿನ ಸಂಗೀತ ಪ್ರವಾಸದ ನಡುವೆಯೇ ಅವರು ತೀರಿಕೊಂಡರು. ಉಳಿದ ಕಾರ್ಯಕ್ರಮ ಮುಗಿಸಿಕೊಟ್ಟವರು ಲತಾ ಮತ್ತು ಮಗ ನಿತಿನ್ ಮುಕೇಶ್. ಮುಕೇಶ್ ಇಲ್ಲದ ಮೊದಲ ‘ಮುಕೇಶ್ ನೈಟ್’ ಅದೇ ಅನ್ನಬಹುದು.

ಇನ್ನು ನಮ್ಮ ಕಡೆಯ ಉದಾಹರಣೆ. ಉಸ್ತಾದ್ ಅಬ್ದುಲ್ ಕರೀಂ ಖಾನ್ ಒಂದು ಕಾಲಕ್ಕೆ ಇದೇ ಬರೋಡಾ ಆಸ್ಥಾನದಲ್ಲಿದ್ದವರು. ಅವರ ಗಾಯನದ ರೀತಿ ಕುಂದಗೋಳದ ಸವಾಯಿ ಗಂಧರ್ವರಿಗೆ ಬಂತು. ಅವರಿಂದ ಗದಗಿನ ಭೀಮಸೇನ ಜೋಶಿಯವರಿಗೆ, ಹಾನಗಲ್ಲಿನ ಗಂಗಜ್ಜಿಗೆ ಬಂತು. ಶಿಷ್ಯ ಮೊದಲು ಗುರುವಿನ ದನಿಯನ್ನೇ ಹಿಡಿಯುತ್ತಾನೆ, ವರ್ಷಗಟ್ಟಲೆ. ಶಾಸ್ತ್ರೀಯ ಸಂಗೀತದಲ್ಲಿ ಅದಕ್ಕೆ ‘ಘರಾಣೆ’ ಅಂತ ಕೈ ಮುಗಿಯುತ್ತೇವೆ. ಸಿನಿಮಾ ಸಂಗೀತಕ್ಕೆ ಬಂದರೆ ‘ಕಾಪಿ’ ಅಂತ ಮೂಗು ಮುರಿಯುತ್ತೇವೆ! ವ್ಯತ್ಯಾಸ ಇರುವುದು ನಿಜ. ಶಾಸ್ತ್ರೀಯ ಗಾಯಕ ಕೊನೆಗೆ ತನ್ನ ದಾರಿ ಹುಡುಕಲೇಬೇಕು, ಟ್ರಿಬ್ಯೂಟ್ ಗಾಯಕ ಹುಡುಕಿದರೆ ಜನ ಒಪ್ಪುವುದಿಲ್ಲ. ಆದರೆ ಇಬ್ಬರ ಶ್ರಮದ ಮೊದಲ ಅರ್ಧ ಒಂದೇ.

ಪಬ್ ಇಲ್ಲದ ಊರಿನ ಶೋ

ಬೆಂಗಳೂರಿನಲ್ಲಾದರೆ ರಾಕ್ ಬ್ಯಾಂಡ್‌ಗಳು ಪಬ್‌ಗಳಲ್ಲಿ ನುಡಿಸುತ್ತವೆ. ಗುಜರಾತ್ 1960ರಲ್ಲಿ ರಾಜ್ಯವಾದಾಗಿನಿಂದಲೂ ಇಲ್ಲಿ ಪಾನನಿಷೇಧ. ಅಲ್ಲೊಂದು ಇಲ್ಲೊಂದು ವಿನಾಯಿತಿ ಬಿಟ್ಟರೆ ಬಾರ್, ಪಬ್ ಎಂಬ ಲೋಕವೇ ಇಲ್ಲ. ಹಾಗಾಗಿ ಇಲ್ಲಿನ ಲೈವ್ ಶೋ ಸೀದಾ ಸಭಾಗೃಹಕ್ಕೆ ಬಂತು. ಅಹಮದಾಬಾದಿನ ಟಾಗೋರ್ ಹಾಲ್, ವಡೋದರಾದ ಸರ್ ಸಯಾಜಿರಾವ್ ನಗರಗೃಹ, ಸೂರತ್‌ನವರೇ ಆದ ನಟನ ಹೆಸರಿನ ಸಂಜೀವ್ ಕುಮಾರ್ ಆಡಿಟೋರಿಯಂ ಇವೆಲ್ಲ ಕುಟುಂಬ ಸಮೇತ ಬಂದು ಕೂರುವ ಜಾಗಗಳು. ಅಜ್ಜಿ, ಮೊಮ್ಮಗ, ಮಧ್ಯೆ ಡಬ್ಬಿಯಲ್ಲಿ ಥೇಪ್ಲಾ!

ಕ್ಯಾಲೆಂಡರ್ ಕೂಡ ನೋಡಿ. ಮುಕೇಶ್ ಹುಟ್ಟಿದ್ದು ಜುಲೈ 22, ರಫಿ ತೀರಿಕೊಂಡದ್ದು ಜುಲೈ 31, ಕಿಶೋರ್ ಹುಟ್ಟಿದ್ದು ಆಗಸ್ಟ್ 4, ಮುಕೇಶ್ ತೀರಿಕೊಂಡದ್ದು ಆಗಸ್ಟ್ 27. ಮಳೆಗಾಲವೇ ಸ್ಮರಣೆಯ ಸೀಸನ್. ಹೊರಗೆ ಮಳೆ, ಒಳಗೆ ಹಾಡು. ಅದು ಮುಗಿಯುತ್ತಿದ್ದಂತೆ ನವರಾತ್ರಿ ಬರುತ್ತದೆ. ಡೋಲಕ್, ಕೀಬೋರ್ಡ್, ಆಕ್ಟೋಪ್ಯಾಡ್ ನುಡಿಸುವವರು ಆ ಒಂಬತ್ತು ರಾತ್ರಿ ಗರ್ಬಾಕ್ಕೆ ಹೋಗುತ್ತಾರೆ.

ವೇದಿಕೆಯ ಲೆಕ್ಕಾಚಾರ

ಶಂಕರ್-ಜೈಕಿಶನ್ ಕಾಲದ ರೆಕಾರ್ಡಿಂಗ್‌ನಲ್ಲಿ ಹತ್ತಾರು ವಯೊಲಿನ್‌ಗಳು ಒಟ್ಟಿಗೆ ಮೊಳಗುತ್ತಿದ್ದವು. ಇಂದಿನ ವೇದಿಕೆಯಲ್ಲಿ ಅಷ್ಟೂ ವಯೊಲಿನ್ ಒಂದು ಕೀಬೋರ್ಡಿನೊಳಗೆ ಅಡಗಬೇಕು. ಆದರೆ ಅಕಾರ್ಡಿಯನ್ ಅಥವಾ ಮ್ಯಾಂಡೊಲಿನ್ನಿನ ಒಂದು ತುಣುಕು ತಪ್ಪಿದರೆ ಸಾಕು, ಸಭೆಯಲ್ಲಿ ಗುಸುಗುಸು ಶುರು. ಯಾಕೆಂದರೆ ಅಲ್ಲಿ ಕೂತವರಿಗೆ ಸಾಹಿತ್ಯದಷ್ಟೇ ಮಧ್ಯದ ಸಂಗೀತವೂ ಬಾಯಿಪಾಠ.

ಮುಕೇಶ್ ಹಾಡು ಸುಲಭ ಅನಿಸುತ್ತದೆ. ಸ್ವರದ ಏರಿಳಿತ ಕಡಿಮೆ, ಗಮಕದ ಹಾವಳಿ ಇಲ್ಲ. ಬಾತ್‌ರೂಮಿನಲ್ಲಿ ನಾವೆಲ್ಲ ಮುಕೇಶ್‌ಗಳೇ! ಆದರೆ ಆ ಸರಳತೆಯೇ ಬಲೆ. ಅಲಂಕಾರದ ಮರೆ ಇಲ್ಲದ್ದರಿಂದ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುತ್ತದೆ. ರಫಿ ಹಾಡಿಗೆ ತಾರಸ್ಥಾಯಿಯ ತ್ರಾಣ ಬೇಕು, ಕಿಶೋರ್‌ಗೆ ಯೋಡ್ಲಿಂಗ್ ಬೇಕು, ಮುಕೇಶ್‌ಗೆ ಬೇಕಾದದ್ದು ನೇರವಾಗಿ ನಿಲ್ಲುವ ಧೈರ್ಯ.

ಪರದೆಯ ಹಿಂದೆ ಇನ್ನೊಂದು ಲೆಕ್ಕ ಇದೆ. ಸಾರ್ವಜನಿಕವಾಗಿ ಹಾಡು ಹಾಡಿಸಬೇಕಾದರೆ ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರ ಪರವಾಗಿ ಐಪಿಆರ್‌ಎಸ್ ಸಂಸ್ಥೆ ಪರವಾನಗಿ ಕೊಡುತ್ತದೆ. 2012ರ ಕಾಪಿರೈಟ್ ತಿದ್ದುಪಡಿ ಈ ಇಬ್ಬರ ರಾಯಲ್ಟಿ ಪಾಲನ್ನು ಕಾನೂನಿನಲ್ಲಿ ಗಟ್ಟಿ ಮಾಡಿತು. ಪೋಸ್ಟರ್ ಮೇಲೆ ಗಾಯಕನ ಮುಖ ಇದ್ದರೂ ಹಾಡನ್ನು ಬರೆದವನಿಗೂ ಕಟ್ಟಿದವನಿಗೂ ಅದರಲ್ಲಿ ಪಾಲಿದೆ ಎಂಬುದನ್ನು ಮರೆಯಬೇಡಿ.

ಅಸಲಿ ತಾರೆ ಪ್ರೇಕ್ಷಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ಸಂಜೆಗಳನ್ನು ನಿಲ್ಲಿಸಿರುವುದು ವೇದಿಕೆ ಮೇಲಿನವರಿಗಿಂತ ಹೆಚ್ಚಾಗಿ ಕೆಳಗೆ ಕೂತವರು. ಗುಜರಾತಿಗಳಿಗೆ ಮುಕೇಶ್ ಮೇಲೆ ಸ್ವಲ್ಪ ಹೆಚ್ಚೇ ಮಮತೆ. ಅವರ ಪತ್ನಿ ಸರಳಾ ತ್ರಿವೇದಿ ಗುಜರಾತಿ, ಅಂದರೆ ಮುಕೇಶ್ ಇವರ ಮನೆ ಅಳಿಯ! ರಫಿ ಕೂಡ ದೂರದವರಲ್ಲ. ಸೂರತ್‌ನ ಕವಿ ಗನಿ ದಹಿವಾಲಾ ವೃತ್ತಿಯಿಂದ ದರ್ಜಿ. ಅವರ ಗಜಲ್ ಒಂದನ್ನು ಪುರುಷೋತ್ತಮ ಉಪಾಧ್ಯಾಯ ಅವರ ಸಂಗೀತದಲ್ಲಿ ರಫಿ ಗುಜರಾತಿಯಲ್ಲೇ ಹಾಡಿದ್ದಾರೆ. ಇಲ್ಲಿನ ರಫಿ ನೈಟ್‌ನಲ್ಲಿ ಅದಕ್ಕೆ ಫರ್ಮಾಯಿಷ್ ಬಂದರೆ ಆಶ್ಚರ್ಯಪಡಬೇಡಿ.

ಅಭಿಮಾನ ಅಂದರೆ ಶಿಳ್ಳೆ, ಚಪ್ಪಾಳೆ ಮಾತ್ರವೇ? ಸೂರತ್‌ನ ಹರೀಶ್ ರಘುವಂಶಿ ಅವರ ಕೆಲಸ ನೋಡಿ. ಮುಕೇಶ್ ಹಾಡಿದ ಹಾಡುಗಳನ್ನೆಲ್ಲ ಹುಡುಕಿ, ಯಾವ ಚಿತ್ರ, ಯಾರ ಸಾಹಿತ್ಯ, ಯಾರ ಸಂಗೀತ ಎಂದು ತಾಳೆ ನೋಡಿ, 1985ರಲ್ಲಿ ‘ಮುಕೇಶ್ ಗೀತ್ ಕೋಶ್’ ಹೊರತಂದರು. ಆಗ ಇಂಟರ್‌ನೆಟ್ ಎಲ್ಲಿತ್ತು? ಹಳೆ ರೆಕಾರ್ಡು, ಹಾಡಿನ ಪುಸ್ತಕ, ಕಾಗದ ಪತ್ರ ಇವೇ ಆಧಾರ. ಆಮೇಲೆ ಗುಜರಾತಿ ಚಿತ್ರಗೀತೆಗಳಿಗೂ ಅಂಥದ್ದೇ ಕೋಶ ಕಟ್ಟಿದರು. ಕಾನ್ಪುರದ ಹರಮಂದಿರ್ ಸಿಂಗ್ ‘ಹಮರಾಜ್’ ಹಿಂದಿ ಚಿತ್ರಗೀತೆಗಳಿಗೆ ಮಾಡಿದ್ದೂ ಇದನ್ನೇ. ಇಂದು ಯಾವುದೇ ಗಾಯಕ ವೇದಿಕೆಯಲ್ಲಿ ನಿಂತು “ಇದು ಅಪರೂಪದ ಮುಕೇಶ್ ಗೀತೆ” ಅಂದರೆ, ಆ ಮಾತು ನಿಜವೋ ಅಲ್ಲವೋ ಎಂದು ಹೇಳಲು ಇಂಥ ಕೋಶ ಇದೆ. ಕಂಠವನ್ನು ಅನುಕರಿಸುವವನು ಹಾಡನ್ನು ಒಂದು ಸಂಜೆ ಉಳಿಸುತ್ತಾನೆ, ಪಟ್ಟಿ ಬರೆದಿಡುವವನು ಒಂದು ತಲೆಮಾರು ಉಳಿಸುತ್ತಾನೆ.

ಎದುರಿಗಿರುವ ಅಪಾಯ

ಮುಕೇಶ್ ಶತಮಾನ 2023ರಲ್ಲಿ ಆಯಿತು, ರಫಿ ಶತಮಾನ 2024ರಲ್ಲಿ. ಅವರನ್ನು ರೇಡಿಯೋದಲ್ಲಿ ಹೊಸದಾಗಿ ಕೇಳಿದವರ ತಲೆ ಬೆಳ್ಳಗಾಗಿದೆ. ಇನ್ನೊಂದು ಕಡೆ, ವಾದ್ಯಗಾರರ ಬದಲು ಕರೋಕೆ ಟ್ರ್ಯಾಕ್ ಹಾಕಿದರೆ ಖರ್ಚು ಉಳಿಯುತ್ತದೆ. ಆದರೆ ಟ್ರ್ಯಾಕ್ ಗಾಯಕನಿಗಾಗಿ ಕಾಯುವುದಿಲ್ಲ, ‘ಒನ್ಸ್ ಮೋರ್’ ಕೇಳಿಸಿಕೊಳ್ಳುವುದಿಲ್ಲ. ಈಗಂತೂ ಕಂಪ್ಯೂಟರ್ ಯಾರ ದನಿಯನ್ನಾದರೂ ತಯಾರಿಸುತ್ತದೆ. 2024ರಲ್ಲಿ ಅರಿಜಿತ್ ಸಿಂಗ್ ತಮ್ಮ ದನಿಯ ಇಂಥ ನಕಲಿನ ವಿರುದ್ಧ ಬಾಂಬೆ ಹೈಕೋರ್ಟ್‌ಗೆ ಹೋಗಿ ರಕ್ಷಣೆ ಪಡೆದರು. ವೇದಿಕೆಯ ಗಾಯಕ ಮಾತ್ರ “ಇದು ನನ್ನದಲ್ಲ, ಅವರದು” ಎಂದು ಬೋರ್ಡ್ ಹಾಕಿಕೊಂಡೇ ಹಾಡುತ್ತಾನೆ. ಬೆವರುತ್ತಾನೆ, ತಪ್ಪುತ್ತಾನೆ, ಮತ್ತೆ ಹಿಡಿಯುತ್ತಾನೆ. ಟಿಕೆಟ್ ದುಡ್ಡು ಅದಕ್ಕೆ, ಮಿತ್ರರೇ. ಮೊಬೈಲಿನಲ್ಲಿ ಹಾಡು ಸಿಗುತ್ತದೆ, ಆ ಹಾಡನ್ನು ನಿಮ್ಮಷ್ಟೇ ಪ್ರೀತಿಸುವ ನೂರಾರು ಜನ ಒಂದೇ ಸೂರಿನಡಿ ಸಿಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಮುಂದಿನ ಸಲ ಇಂಥ ಶೋಗೆ ಹೋದರೆ ಮೂರು ಕೆಲಸ ಮಾಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ವಾದ್ಯಗಾರರಿಗೂ ಚಪ್ಪಾಳೆ ಹೊಡೆಯಿರಿ. ಮತ್ತೆ, ಫರ್ಮಾಯಿಷ್ ಚೀಟಿಯಲ್ಲಿ ಒಂದು ಕನ್ನಡ ಹಾಡು ಬರೆಯಿರಿ. ಕೇಳೋಕೆ ನಮಗೆ ಹಕ್ಕಿದೆ! ರಫಿ ಸಾಹೇಬರು ‘ಒಂದೇ ಬಳ್ಳಿಯ ಹೂಗಳು’ (1967) ಚಿತ್ರಕ್ಕೆ ಕನ್ನಡದಲ್ಲಿ ಹಾಡಿದ್ದಾರೆ. ಅದೇ ವರ್ಷ ಲತಾ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಹಾಡಿದರು. ಕಿಶೋರ್ ಕುಮಾರ್ ರಾಜನ್-ನಾಗೇಂದ್ರ ಸಂಗೀತದಲ್ಲಿ ‘ಕುಳ್ಳ ಏಜೆಂಟ್ 000’ (1972) ಚಿತ್ರದಲ್ಲಿ ಕುಣಿಸಿದರು.

ವೇದಿಕೆಯ ಗಾಯಕನಿಗೆ ಆ ಹಾಡು ಗೊತ್ತಿಲ್ಲದೆ ಹೋಗಬಹುದು. ಬೇಜಾರಾಗಬೇಡಿ. ಚೀಟಿಯಲ್ಲಿ ಚಿತ್ರದ ಹೆಸರು, ಇಸವಿ ಎರಡನ್ನೂ ಸ್ಪಷ್ಟವಾಗಿ ಬರೆದುಕೊಡಿ. ಸಭೆಯಲ್ಲಿ ಕೂತ ಯಾವುದೋ ಗುಜರಾತಿ ಅಭಿಮಾನಿ ಅದನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಸಾಕು, ಹಾಡಿಗೆ ಹೊಸದೊಂದು ಮನೆ ಸಿಕ್ಕ ಹಾಗೆ.

ಕೇಳ್ತಾ ಇರಿ, ಕೇಳಿಸ್ತಾ ಇರಿ!