ಡಿಕಾಕ್ಷನ್ ಬಣ್ಣದ ಹೊಳೆ

ಬ್ರೆಜಿಲ್‌ನ ಮನೌಸ್ ನಗರದ ಬಳಿ ಒಂದು ಕಪ್ಪು ನದಿಯೂ ಒಂದು ಕೆಸರುಬಣ್ಣದ ನದಿಯೂ ಕಿಲೋಮೀಟರುಗಟ್ಟಲೆ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಅದರ ವಿಡಿಯೊ ನೋಡಿದ ಓದುಗರೊಬ್ಬರು ಕೇಳಿದ್ದಾರೆ: ‘ಆ ಕಪ್ಪು ಯಾವ ಕಾರ್ಖಾನೆಯ ಕೊಳೆ?’

ಕಾರ್ಖಾನೆಯದಲ್ಲ, ಎಲೆಯದು. ನದಿಯ ಹೆಸರೇ ರಿಯೊ ನೀಗ್ರೊ, ಅಂದರೆ ಕರಿಹೊಳೆ. ಅದಕ್ಕೆ ಬಂದು ಸೇರುವ ಜಾವು ಕೂಡ ಕರಿನೀರಿನದೇ. ಜಾವು ಎಂಬುದು ಅಲ್ಲಿನ ಒಂದು ಭಾರಿ ಮೀನಿನ ಹೆಸರು. ಮನೌಸ್‌ನಿಂದ ವಾಯವ್ಯಕ್ಕೆ ಸುಮಾರು 200 ಕಿ.ಮೀ. ದೂರದ ಜಾವು ರಾಷ್ಟ್ರೀಯ ಉದ್ಯಾನಕ್ಕೆ ದೋಣಿಯಲ್ಲೇ ಹೋಗಬೇಕು.

ಕಪ್ಪು ಹೇಗೆ ಬಂತೆಂದು ತಿಳಿಯಲು ನಿಮ್ಮ ಅಡುಗೆಮನೆಯ ಕಾಫಿ ಫಿಲ್ಟರೇ ಸಾಕು. ಪುಡಿಯ ಮೇಲೆ ಬಿಸಿನೀರು ಸುರಿದರೆ ಚರಟ ಮೇಲೆ ಉಳಿಯುತ್ತದೆ, ಬಣ್ಣ ಮಾತ್ರ ತೂತುಗಳಿಂದ ಇಳಿಯುತ್ತದೆ. ಜಾವು ಕಾಡಿನಲ್ಲಿ ಉದುರಿ ಅರೆಬರೆ ಕೊಳೆತ ತರಗೆಲೆಯೇ ಪುಡಿ, ಮಳೆಯೇ ನೀರು, ಕೆಳಗಿನ ಮರಳೇ ತೂತಿನ ತಳ. ಜೇಡಿಮಣ್ಣಾಗಿದ್ದರೆ ಎಲೆಯಿಂದ ಬಿಟ್ಟ ಹ್ಯೂಮಿಕ್ ಆಮ್ಲಗಳನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಮರಳಿಗೆ ಆ ಹಿಡಿತವಿಲ್ಲ. ನಮ್ಮ ಫಿಲ್ಟರಿನಲ್ಲಿ ಒಂದು ಗಂಟೆಯ ಕೆಲಸ, ಅಲ್ಲಿ ಸಾವಿರಾರು ವರ್ಷಗಳಿಂದ ಬಿಡುವಿಲ್ಲದೆ ನಡೆದಿದೆ. ಆ ನೀರನ್ನು ಲೋಟದಲ್ಲಿ ಮೊಗೆದರೆ ತೆಳು ಚಹಾದ ಬಣ್ಣ. ಆಳದಲ್ಲಿ ಬೆಳಕು ಇಂಗಿಹೋಗುವುದರಿಂದ ಕಪ್ಪು.

ಅಮೆಜಾನ್ ಸೀಮೆಯ ನದಿಗಳನ್ನು ನೀರಿನ ಬಣ್ಣದ ಮೇಲೆ ಬಿಳಿ, ನೀಲಿ, ಕಪ್ಪು ಎಂದು ವಿಂಗಡಿಸಿ ಬರೆದವರು ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್. 1850ರಿಂದ 1852ರವರೆಗೆ ಅವರು ರಿಯೊ ನೀಗ್ರೊದಲ್ಲಿ ಅಲೆದರು. ಊರಿಗೆ ಮರಳುವಾಗ ನಡುಗಡಲಲ್ಲಿ ಹಡಗಿಗೆ ಬೆಂಕಿ ಬಿದ್ದು, ಜತೆಗಿದ್ದ ಸಂಗ್ರಹವೆಲ್ಲ ಸುಟ್ಟುಹೋಯಿತು. ಕೈಗೆ ಸಿಕ್ಕ ಕೆಲವು ಟಿಪ್ಪಣಿ, ಮೀನು ಮತ್ತು ತಾಳೆಗಳ ಚಿತ್ರಗಳಷ್ಟೇ ಉಳಿದವು. ಅಷ್ಟನ್ನಿಟ್ಟುಕೊಂಡು ಮರುವರ್ಷವೇ ಅವರು ಪ್ರವಾಸದ ಪುಸ್ತಕ ಹೊರತಂದರು. ಆ ಛಲಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಕರಿನೀರು ಹುಳಿ, ಪೋಷಕಾಂಶ ತೀರಾ ಕಡಿಮೆ. ಹಾಗಿದ್ದೂ ಅದರಲ್ಲಿ ನೂರಾರು ಜಾತಿಯ ಮೀನುಗಳಿವೆ. ಇವು ತಿನ್ನುವುದೇನು? ಕಾಡನ್ನೇ! ನೆರೆ ಏರಿದಾಗ ದಡದ ಮರಗಳು ತಿಂಗಳುಗಟ್ಟಲೆ ನೀರಲ್ಲಿ ನಿಲ್ಲುತ್ತವೆ. ಈ ಮುಳುಗು ಕಾಡಿಗೆ ಅಲ್ಲಿಯವರು ಇಗಾಪೊ ಎನ್ನುತ್ತಾರೆ. ಹಲವು ಮರಗಳು ಹಣ್ಣು ಬಿಡುವುದೂ ಆಗಲೇ. ಮೀನುಗಳು ಕೊಂಬೆಗಳ ನಡುವೆ ಈಜುತ್ತ ಉದುರಿದ ಹಣ್ಣು, ಬೀಜ, ಹುಳು ತಿಂದು ಕೊಬ್ಬುತ್ತವೆ. ತಂಬಾಕಿ ಎಂಬ ಮೀನಿಗಂತೂ ರಬ್ಬರ್ ಬೀಜ ಒಡೆಯುವಷ್ಟು ಗಟ್ಟಿ ಹಲ್ಲಿದೆ. ಒಡೆಯದೆ ನುಂಗಿದ ಬೀಜಗಳು ದೂರ ಹೋಗಿ ಮೊಳೆಯುತ್ತವೆ.

ಅಮೆಜಾನ್ ‘ಭೂಮಿಯ ಶ್ವಾಸಕೋಶ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಆ ಕಾಡು ತಯಾರಿಸುವ ಆಮ್ಲಜನಕವನ್ನು ಬಹುಪಾಲು ತಾನೇ ಬಳಸಿಕೊಳ್ಳುತ್ತದೆ. ಜಾವುವಿನ ಹಿರಿಮೆ ಬೇರೆ. ಅಲ್ಲಿ ಮರ ಕಡಿದರೆ ಮೀನಿನ ಊಟ ಹೋಗುತ್ತದೆ, ಆದ್ದರಿಂದ ನದಿಯೊಂದನ್ನೇ ಕಾದು ಫಲವಿಲ್ಲ. 1980ರಲ್ಲಿ ಸ್ಥಾಪಿಸಿದ, 22,000 ಚದರ ಕಿ.ಮೀ.ಗೂ ದೊಡ್ಡದಾದ ಈ ಉದ್ಯಾನದ ಗಡಿಯೊಳಗೆ ಜಾವು ನದಿಯ ಜಲಾನಯನ ಹೆಚ್ಚುಕಡಿಮೆ ಪೂರ್ತಿ ಇದೆ. ಯುನೆಸ್ಕೊ 2000ದಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.